ಬೋರ್ಡಿಗೆ ಸಿಕ್ಕ ಗುರುತು

"ಅಯ್ಯೋ ಮೇಡಂ, ಡಸ್ಟರ್!" ಎಂದು ಇಡೀ ತರಗತಿ ಚೀರುವಷ್ಟರಲ್ಲಿ ಗಣಿತದ ಮೇಡಂ ಹೊಸ ಡಿಜಿಟಲ್ ಬೋರ್ಡನ್ನು ಒರೆಸಿಯೇಬಿಟ್ಟಿದ್ದರು. ಕೂಡುವ ಚಿಹ್ನೆಯ ಜಾಗದಲ್ಲಿ ಬೆರಳಿನಿಂದ ಕಳೆಯುವ ಚಿಹ್ನೆ ಬರೆದಿದ್ದರು. ತಪ್ಪು ಕಂಡದ್ದೇ ತಡ, ಕೈ ತನ್ನ ಪಾಡಿಗೆ ತಾನು ಮೇಜಿನ ಮೇಲಿನ ಹಳೇ ಡಸ್ಟರನ್ನು ಎತ್ತಿಕೊಂಡಿತ್ತು.

ಬಾಗಿಲಲ್ಲಿ ನಿಂತಿದ್ದ ಹೆಡ್‌ಮಾಸ್ಟರರ ಮುಖ ಬಿಳಿಚಿಕೊಂಡಿತು. ಬೋರ್ಡು ಬಂದ ದಿನದಿಂದ ಅದಕ್ಕೆ ಬಟ್ಟೆ ಹೊದಿಸಿ, ಯಾರೂ ಮುಟ್ಟದಂತೆ ಕಾದವರು ಅವರೇ. "ಇವತ್ತು ಇದ್ರಲ್ಲಿ ಪಾಠ ಮಾಡೋಕೆ ನಿಮ್ಮ ಕೈಲಾಗ್ಲಿಲ್ಲ ಅಂದ್ರೆ ಬೇರೆ ಶಾಲೆಗೆ ಕೊಟ್ಬಿಡ್ತೀನಿ" ಎಂದು ಬೆಳಿಗ್ಗೆಯಷ್ಟೇ ಮೇಡಂ ಮೇಲೆ ಗುಡುಗಿದ್ದರು.

ಮೇಡಂ ಮೆಲ್ಲಗೆ ಡಸ್ಟರ್ ಎತ್ತಿದರು. ಗಾಜಿನ ಮೇಲೆ ಸೀಮೆಸುಣ್ಣದ ಪುಡಿಯ ತೆಳು ಗೆರೆ ಉಳಿದಿತ್ತು, ತಪ್ಪು ಚಿಹ್ನೆ ಮಾತ್ರ ಮಾಯ! ನಂಬಿಕೆ ಬಾರದೆ ಇನ್ನೊಮ್ಮೆ ಎಳೆದರು. ಪಕ್ಕದ ಅಂಕಿಯೂ ಹೋಯಿತು.

"ಅಳಿಸೋ ಗುಂಡಿ ಎಲ್ಲಿದೆ ಅಂತ ಹುಡುಕಿ ಹುಡುಕಿ ನಂಗೆ ಸಾಕಾಗಿ ಹೋಗಿತ್ತಲ್ರೀ!" ಹೆಡ್‌ಮಾಸ್ಟರರ ಬಾಯಿಂದ ಗುಟ್ಟು ಜಾರಿತು.

"ಇದಕ್ಕೂ ನಮ್ಮ ಡಸ್ಟರಿನ ಗುರುತು ಸಿಗತ್ತೆ ಸರ್" ಎನ್ನುತ್ತಾ ಮೇಡಂ ಬೋರ್ಡನ್ನು ಪೂರ್ತಿ ಒರೆಸಿ, ಸೆರಗು ಸಿಕ್ಕಿಸಿಕೊಂಡು ತರಗತಿಯತ್ತ ತಿರುಗಿದರು. "ಸರಿ, ಈಗ ಬರೆಯೋಕೆ ಯಾರ್ ಬರ್ತೀರಾ?"

ಬೆಂಚುಗಳ ತುಂಬ ಕೈಗಳೆದ್ದವು. ಎಲ್ಲಕ್ಕಿಂತ ಮೊದಲು ಎದ್ದ ಕೈ ಬಾಗಿಲಲ್ಲಿತ್ತು.