ಸಾಹುಕಾರರು ಸವಣೂರಿಗೆ ಹೋದದ್ದು

ಬಸ್ಸಿನಲ್ಲಿ ಗುದ್ಲೆಪ್ಪ ಸಾಹುಕಾರರು ಮುಂದಿನ ಸೀಟಿನಲ್ಲಿ ಕುಳಿತರು, ಟೇಲರ್ ಮಜೀದ ಕೊನೆಯ ಸೀಟಿನಲ್ಲಿ. ಇಬ್ಬರೂ ಜೊತೆಯಾಗಿ ಸವಣೂರಿಗೆ ಹೊರಟಿದ್ದಾರೆಂದು ಯಾರೂ ಊಹಿಸುವಂತಿರಲಿಲ್ಲ. ಬಂಕಾಪುರದ ಪೇಟೆಯಲ್ಲಿ ಇವರ ಜಗಳಕ್ಕೆ ಆ ವರ್ಷ, ಅಂದರೆ ೧೯೬೧ಕ್ಕೆ, ಹನ್ನೊಂದು ವರ್ಷ ತುಂಬಿತ್ತು.

ಜಗಳ ಪೀರಸಾಬನ ಮಟನ್ ಖಾನಾವಳಿಯದು. ಸಾಹುಕಾರರ ಕಿರಾಣಿ ಅಂಗಡಿಯ ಎದುರಿಗೇ ಅದು. ಅದರ ಗೋಡೆಗೆ ಅಂಟಿಕೊಂಡು ಮಜೀದನ ಹೊಲಿಗೆ ಅಂಗಡಿ. ಖಾನಾವಳಿಯನ್ನು ಊರ ಹೊರಗೆ ಹಾಕಬೇಕೆಂದು ಪಂಚಾಯತಿಯ ಪ್ರತಿ ಸಭೆಯಲ್ಲೂ ಸಾಹುಕಾರರು ಎದ್ದು ನಿಲ್ಲುತ್ತಿದ್ದರು. ಇದ್ದಲ್ಲೇ ಇರಬೇಕೆಂದು ತನ್ನ ಓಣಿಯವರ ಪರವಾಗಿ ಮಜೀದ ಎದ್ದು ನಿಲ್ಲುತ್ತಿದ್ದ. ಮುಂದಿನ ಸೋಮವಾರ ಕೈ ಎತ್ತಿಸಿ ಕೊನೆಯ ತೀರ್ಮಾನ. ಈಚೆಗೆ ಮಾತ್ರ ಸಾಹುಕಾರರ ಭಾಷಣದ ಕಾವು ಯಾಕೋ ಇಳಿದಿತ್ತು.

ಕಾರಣ ಅವರೊಬ್ಬರಿಗೇ ಗೊತ್ತು. ದಿನಾ ಹನ್ನೊಂದಕ್ಕೆ ಪೀರಸಾಬನ ಒಲೆಯ ಮೇಲೆ ಮಸಾಲೆ ಬಿದ್ದೊಡನೆ ಅವರ ಬಾಯಲ್ಲಿ ನೀರೂರುತ್ತಿತ್ತು. ಸಕ್ಕರೆ ಕೇಳಿದವರಿಗೆ ಉಪ್ಪು ತೂಗಿ ಕೊಟ್ಟದ್ದೂ ಉಂಟು. ಐವತ್ತೆಂಟು ವರ್ಷ ಬದನೆಕಾಯಿ, ಹೆಸರುಕಾಳು ತಿಂದೇ ಬೆಳೆದ ನಾಲಗೆ ಅದು. ಹೆಂಡತಿ ಅನ್ನವ್ವ ಮನೆಯಲ್ಲಿ ತತ್ತಿ ಎಂಬ ಶಬ್ದವನ್ನೂ ಆಡಗೊಡುತ್ತಿರಲಿಲ್ಲ.

ಕೊನೆಗೆ ಅಂಗಿಯ ಅಳತೆ ಕೊಡುವ ನೆವದಲ್ಲಿ ಮಜೀದನ ಅಂಗಡಿಗೆ ಹೋಗಿ, ಅವನು ಕೊರಳಿಗೆ ಟೇಪು ಸುತ್ತಿದಾಗ ಗುಟ್ಟಾಗಿ ಒಮ್ಮೆ ಮಟನ್ ತಿನ್ನಿಸಲು ಕಿವಿಯಲ್ಲಿ ಕೇಳಿಯೇಬಿಟ್ಟಿದ್ದರು. ವೈರಿಯನ್ನೇ ಆರಿಸಿಕೊಂಡದ್ದು ಬೇಕೆಂತಲೇ. ನಾಳೆ ಅವನು ಹೊರಗೆ ಬಾಯಿ ಬಿಟ್ಟರೂ ಸೇಡಿಗೆ ಹೇಳುತ್ತಾನೆಂದು ಜನ ನಗುತ್ತಾರೆ.

ಮಜೀದ ನಕ್ಕಿರಲಿಲ್ಲ. "ಸೋಮವಾರದೊಳಗ ಆಗಬೇಕ್ರಿ," ಎಂದಿದ್ದ. "ಸವಣೂರಾಗ ನಮ್ಮ ಆಪಾನ ಮನಿ ಐತಿ. ಹೊಟ್ಟಿ ತುಂಬ ತಿನ್ನಿಸ್ತೇನಿ."

ಅಷ್ಟು ಬೇಗ ಒಪ್ಪಿದ್ದು ಸಾಹುಕಾರರಿಗೆ ಅನುಮಾನ ತಂದಿತ್ತು. ಆದರೆ ಆಸೆ ಅನುಮಾನಕ್ಕಿಂತ ಜೋರಾಗಿತ್ತು.

ಸವಣೂರಿನ ಮನೆಯಲ್ಲಿ ಮಜೀದನ ಅಕ್ಕ ಹಾಜರಾಬಿ ಚಾಪೆ ಹಾಸಿದಳು. ಸಾಹುಕಾರರು ಹಣೆಯ ವಿಭೂತಿ ಒರೆಸಿಕೊಂಡು, ಬಾಗಿಲಿಗೆ ಬೆನ್ನು ಮಾಡಿ ಕುಳಿತರು. ಅವರ ಮುಂದೆ ಜೋಳದ ರೊಟ್ಟಿ, ಮಟನ್ ಸಾರು. ಮಜೀದನ ಮುಂದೆ ರೊಟ್ಟಿ, ಪುಂಡಿಪಲ್ಯ.

"ನೀವು ತಿನ್ನಂಗಿಲ್ಲೇನ್ರಿ?"

"ಇದು ನನ್ನ ಹೊಟ್ಟಿಗೆ ಆಗಂಗಿಲ್ರಿ ಇವತ್ತ."

ತಾವು ಹಿಂಜರಿದರೆ ಇರಲಿ ಎಂದು ಪಲ್ಯ ಮಾಡಿಸಿದ್ದಾನೆ ಎಂದು ಸಾಹುಕಾರರು ತಿಳಿದರು. ವೈರಿಯಾದರೂ ಮನುಷ್ಯ ಸೂಕ್ಷ್ಮ ಎನಿಸಿತು.

ಕಣ್ಣು ಮುಚ್ಚಿ ಮೊದಲ ತುತ್ತು ಬಾಯಿಗಿಟ್ಟರು. ಏಳು ತಲೆಮಾರಿನ ಹಿರಿಯರು ಸಾಲಾಗಿ ಬಂದು ನಿಂತು ಛೀ ಎನ್ನುತ್ತಾರೆಂದು ಕಾದರು. ಯಾರೂ ಬರಲಿಲ್ಲ. ಬಂದಿದ್ದರೆ ಅವರಿಗೂ ಒಂದೊಂದು ತುಂಡು ಹಾಕಿಸಬೇಕು ಎನ್ನುವಷ್ಟು ರುಚಿಯಿತ್ತು.

"ಈ ಎಲುಬು ಏನ್ ಮಾಡೂದ್ರಿ?" ಎಂದು ಕೇಳಿದರು.

ಮಜೀದ ಅಡುಗೆಮನೆಯತ್ತ ತಿರುಗಿದ. "ಆಪಾ, ಎಲುಬು ಏನ್ ಮಾಡಬೇಕಂತ?"

"ಚೀಪಿ ಪಕ್ಕಕ್ಕ ಇಡ್ರಿ ಅಣ್ಣಾರ," ಎಂದು ಒಳಗಿನಿಂದ ಹಾಜರಾಬಿ ನಕ್ಕಳು.

ಇಬ್ಬರೂ ಸೇರಿ ತಮ್ಮನ್ನು ಗೇಲಿ ಮಾಡುತ್ತಿದ್ದಾರೆ ಎಂದುಕೊಂಡು ಸಾಹುಕಾರರು ಮತ್ತೇನೂ ಕೇಳಲಿಲ್ಲ. ಚೀಪಿದರು. ಎರಡನೆಯ ಸಲ ಹಾಕಿಸಿಕೊಂಡರು. ಮೂರನೆಯ ಸಲ ತಾವೇ ಬಟ್ಟಲು ಮುಂದೆ ಮಾಡಿದರು. ಮಜೀದ ರೊಟ್ಟಿ ಮುರಿಯುವುದನ್ನು ಬಿಟ್ಟು ಅವರ ಮುಖವನ್ನೇ ನೋಡುತ್ತಿದ್ದ.

"ವಾಕರಿಕಿ ಏನರ ಬರಾಕತ್ತೈತೇನ್ರಿ?"

"ಇಲ್ರಿ."

"ಸ್ವಲ್ಪ ಸುದ್ದಾ?"

"ಇಲ್ರಿ. ಇನ್ನೊಂದೀಟು ಸಾರು ಹಾಕಸ್ರಿ."

ಊಟ ಮುಗಿಸಿ ಬಸ್ ಸ್ಟ್ಯಾಂಡಿನತ್ತ ನಡೆಯುವಾಗ ಸಾಹುಕಾರರಿಗೆ ಮನಸ್ಸು ತಡೆಯಲಿಲ್ಲ. ಈ ಸಲ ಅವರು ಊರವರ ಭಯವನ್ನೂ ಮರೆತು ಮಜೀದನ ಹೆಗಲ ಮೇಲೆ ಕೈ ಹಾಕಿದ್ದರು.

"ಮಜೀದಸಾಬ್ರ, ಹನ್ನೊಂದು ವರ್ಷ ನಾ ತಪ್ಪು ಮಾಡೀನಿ. ಸೋಮವಾರ ನನ್ನ ಕೈ ನಿಮ್ಮ ಕಡೆ. ನನ್ನ ಕಡೆ ಮಂದಿಗೂ ಹೇಳ್ತೇನಿ. ಖಾನಾವಳಿ ಎಲ್ಲೂ ಹೋಗಂಗಿಲ್ಲ. ನೀವ ಗೆದ್ರಿ."

ಮಜೀದ ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕುಸಿದು ಕುಳಿತ. ಬಿಸಿಲಿಗೆ ತಲೆ ತಿರುಗಿತೇನೋ ಎಂದು ಸಾಹುಕಾರರು ಗಾಬರಿಯಾಗಿ ಬಗ್ಗಿದರು.

"ಹಂಗ ಮಾಡಬ್ಯಾಡ್ರಿ ಸಾವ್ಕಾರ್ರ," ಎಂದ ಮಜೀದ ತಗ್ಗಿದ ದನಿಯಲ್ಲಿ. "ಒಮ್ಮೆ ತಿಂದ್ರ ವಾಂತಿ ಮಾಡ್ಕೊಂಡು, ಸಭಾದಾಗ ಮೊದಲಿನಂಗ ಒದರಾಡ್ತೀರಿ ಅಂತ ಕರ್ಕೊಂಡು ಬಂದ್ನಿ. ಹುಟ್ಟಿದಾಗಿಂದ ನಾ ಅದನ್ನ ಬಾಯಾಗ ಇಟ್ಟಾವ ಅಲ್ಲ. ಆ ವಾಸನಿಗೆ ದಿನಾ ಹೊಟ್ಟಿ ತೊಳಸತೈತಿ, ಓಣಿ ಮಂದಿ ಮುಂದ ಹೇಳಾಕ ಆಗಂಗಿಲ್ಲ.

"ಹನ್ನೊಂದು ವರ್ಷದಿಂದ, ನೀವ ಗೆಲ್ಲಬೇಕಂತ ದುವಾ ಮಾಡಾಕತ್ತೇನಿ."