ಕಿವಿ ಮೇಸ್ತ್ರಿಗೆ ಸಿಗದ ಸದ್ದು

"ಇನ್ನೊಂದ್ಸಲ," ಎಂದ ಮೇಸ್ತ್ರಿ, ಪಿಕಪ್ ಗಾಡಿಯ ಅಡಿಯಿಂದ. "ಒಂದನೇ ಗೇರು. ಕ್ಲಚ್ ಅರ್ಧ ಬಿಡಿ. ಹಾಂ, ಈಗ ರಿವರ್ಸ್."

ಸ್ಟೀರಿಂಗ್ ಹಿಡಿದು ಕೂತಿದ್ದ ಅಳಿಯ ಗೇರು ಬದಲಿಸಿದ. ಗಾಡಿಯ ಹೊಟ್ಟೆಯೊಳಗೆ ಎಲ್ಲೋ 'ಧಡಕ್' ಎಂದಿತು.

"ಸಿಕ್ತಾ ಮಾವ?"

"ಇಲ್ಲ. ಬ್ರೇಕಿಂದ ಮಾತ್ರ ಕಾಲು ತೆಗೀಬೇಡಿ. ತೆಗೆದ್ರೆ ಚಕ್ರ ನನ್ನ ಮೇಲೇ ಹತ್ತುತ್ತೆ."

ಸದ್ದು ಹುಡುಕುವುದು ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬ ಮೇಲೆ ಕೂತು ಗೇರು ಬದಲಿಸುತ್ತಿರಬೇಕು, ಇನ್ನೊಬ್ಬ ಕೆಳಗೆ ಮಲಗಿ ಕಿವಿಗೊಡಬೇಕು. ಕೆಳಗೆ ಮಲಗುವುದರಲ್ಲಿ ಇವನನ್ನು ಮೀರಿಸುವವರಿಲ್ಲ. ಬೀದಿಯವರು ಇಟ್ಟ ಹೆಸರೇ ಕಿವಿ ಮೇಸ್ತ್ರಿ. ಗಾಡಿ ಇನ್ನೂ ತಿರುವಿನಲ್ಲಿರುವಾಗಲೇ ಅದರ ಕಾಯಿಲೆ ಹೇಳುವ ಆಸಾಮಿ. ಅಂಥವನು ಇವತ್ತು ಬೆಳಿಗ್ಗೆಯಿಂದ ಒಂದು ಧಡಕ್ ಸದ್ದಿನ ಬೆನ್ನು ಬಿದ್ದು, ಹೊತ್ತು ನೆತ್ತಿಗೇರಿದರೂ ಮೈಯೆಲ್ಲ ಗ್ರೀಸು ಬಳಿದುಕೊಂಡು ಒದ್ದಾಡುತ್ತಿದ್ದ.

ಅಳಿಯ ನಿನ್ನೆ ಸಂಜೆ ಹೆಂಡತಿಯನ್ನು ಕರೆದೊಯ್ಯಲು ಬಂದಿದ್ದ. ಬರುವಾಗ ಗಾಡಿ ಕಿಮಕ್ಕೆನ್ನದೆ ಓಡಿತ್ತಂತೆ. ಬೆಳಿಗ್ಗೆ ಸ್ಟಾರ್ಟ್ ಮಾಡಿ ಗೇರು ಹಾಕಿದ್ದೇ ತಡ, ಈ ಸದ್ದು. ಅವನ ಊರಿಗೆ ಹೋಗುವ ದಾರಿಯೆಲ್ಲ ಬೆಟ್ಟದ ಇಳಿಜಾರು. "ಹಿಂದಿನ ಚಕ್ರಕ್ಕೆ ಹೋಗೋ ಶಾಫ್ಟಲ್ಲಿ ಏನೋ ಇದೆ. ಮಧ್ಯದಾರೀಲಿ ಕಳಚಿದ್ರೆ ಗಾಡಿ ಪಲ್ಟಿ," ಎಂದು ಮೇಸ್ತ್ರಿ ಹೇಳಿದಾಗ ಅಳಿಯನ ಮುಖ ಸಪ್ಪಗಾಯಿತು. ಹೊಸ ಗಾಡಿ. ಬಾನೆಟ್ಟಿನ ಮೇಲೆ ಒಂದು ಗೀರು ಬಿದ್ದರೂ ಊಟ ಬಿಡುವ ಪೈಕಿ ಅವನು.

ಮೇಸ್ತ್ರಿಗೂ ಕೈಕಾಲು ಆಡುತ್ತಿರಲಿಲ್ಲ. ಇರುವವಳು ಒಬ್ಬಳೇ ಮಗಳು. ಅವಳು ಇವತ್ತು ಕ್ಷೇಮವಾಗಿ ಹೊರಡಬೇಕು, ಕ್ಷೇಮವಾಗಿ ತಲುಪಬೇಕು. ತನ್ನಿಂದ ಒಂದು ಎಡವಟ್ಟಾದರೂ ಅವಳ ಜೀವಕ್ಕೇ ಸಂಚಕಾರ.

ಮಗಳು ಬಾಗಿಲಲ್ಲಿ ನಿಂತಿದ್ದಳು. ಎಡಗೈಗೆ ಪ್ಲಾಸ್ಟರ್. ಬಚ್ಚಲಲ್ಲಿ ಜಾರಿಬಿದ್ದಳು ಎಂದು ಅಳಿಯ ಬೀದಿಯವರಿಗೆಲ್ಲ ಮರುಕದಿಂದ ಹೇಳಿದ್ದ. ಸುಧಾರಿಸಿಕೊಳ್ಳಲೆಂದು ತವರಿಗೆ ಬಂದವಳು ಸುಧಾರಿಸಿಕೊಂಡಂತೇನೂ ಕಾಣುತ್ತಿರಲಿಲ್ಲ.

"ಬಿಸಿಲಲ್ಲಿ ಯಾಕೆ ನಿಂತಿದೀಯ? ಒಳಗೆ ಹೋಗು," ಎಂದ ಅಳಿಯ. ಅವಳು ತಕ್ಷಣ ಒಳಗೆ ಹೋದಳು. ಅವನ ಜೇಬಿನಲ್ಲಿ ಅವಳ ಫೋನು ರಿಂಗಾಯಿತು. ತೆಗೆದು ನೋಡಿ ಕಟ್ ಮಾಡಿದ. "ಎಲ್ಲೆಂದರಲ್ಲಿ ಮರೆತುಬಿಡ್ತಾಳೆ ಮಾವ, ಅದಕ್ಕೆ ನಾನೇ ಇಟ್ಕೊಂಡಿರ್ತೀನಿ."

ಎದುರಂಗಡಿಯ ಟೈಲರ್ ಹೊಲಿಗೆ ನಿಲ್ಲಿಸಿ ನಕ್ಕ. "ಏನ್ ಮೇಸ್ತ್ರಿ, ಕಿವಿ ಕೈಕೊಡ್ತಾ?"

"ವಯಸ್ಸಾಯ್ತಲ್ಲಪ್ಪ."

"ನೀವು ಹುಡುಕ್ತಾ ಇರಿ. ನಂಗೊಂದು ಅರ್ಜೆಂಟಾಗಿ ತಲುಪಿಸೋದಿದೆ," ಎಂದ ಟೈಲರ್ ಶಟರ್ ಎಳೆದು, ಸ್ಕೂಟರನ್ನು ತಳ್ಳಿಕೊಂಡು ಪಕ್ಕದ ಸಂದಿಗೆ ತಿರುಗಿದ.

"ಈಗ ನ್ಯೂಟ್ರಲ್ ಮಾಡಿ," ಎಂದ ಮೇಸ್ತ್ರಿ. "ಎಡಗಾಲು ಬ್ರೇಕ್ ಮೇಲಿರಲಿ, ಆಕ್ಸಿಲರೇಟರ್ ಒತ್ತಿ. ಇನ್ನೂ ಒತ್ತಿ. ಸಾಕು ಅನ್ನೋ ತನಕ ಬಿಡಬೇಡಿ."

ಇಂಜಿನ್ ಬೀದಿಯೇ ಕಿತ್ತುಹೋಗುವ ಹಾಗೆ ಅರಚಿತು. ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುವಂತಿರಲಿಲ್ಲ. ಅದರ ನಡುವೆಯೇ ಮೇಸ್ತ್ರಿಯ ಹೆಂಡತಿ ಮಗಳ ಸೂಟ್‌ಕೇಸನ್ನು ತಂದು ಗಾಡಿಯ ಹಿಂಬದಿಗೆ ಏರಿಸಿದರು. ಅಳಿಯ ಕನ್ನಡಿಯಲ್ಲಿ ನೋಡಿ ತಲೆಯಾಡಿಸಿದ.

ಬಹಳ ಹೊತ್ತಾಯಿತು. ಶಾಫ್ಟಿನ ಕೀಲಿನ ಕ್ರಾಸ್ ನೋಡಿದ್ದಾಯಿತು, ಬೇರಿಂಗ್ ನೋಡಿದ್ದಾಯಿತು, ಗೇರ್ ಬಾಕ್ಸಿನ ಬುಡವನ್ನೂ ತಟ್ಟಿದ್ದಾಯಿತು. ಕೊನೆಗೆ ಅಳಿಯನ ತಾಳ್ಮೆ ಕೆಟ್ಟಿತು. "ನಿಮ್ಮಿಂದ ಆಗಲ್ಲ ಬಿಡಿ. ಅವಳನ್ನ ಕರ್ಕೊಂಡು ಮೆಲ್ಲಗೆ ಹೋಗ್ತೀನಿ." ಬಾಗಿಲು ತೆರೆದ.

"ಇಳೀಬೇಡಿ!"

ಮೇಸ್ತ್ರಿ ಹಾಗೆ ಕಿರುಚಿದ್ದನ್ನು ಆ ಬೀದಿ ಕೇಳಿರಲಿಲ್ಲ. ಆಮೇಲೆ ದನಿ ಕುಗ್ಗಿತು. "ಕಾಲು ತೆಗೆದ್ರೆ ನಾನು ಉಳಿಯಲ್ಲ ಅಳಿಯಂದ್ರೇ. ಇನ್ನೊಂದು ಚೂರು ಹೊತ್ತು. ದಮ್ಮಯ್ಯ ಅಂತೀನಿ."

ಅಳಿಯ ಬಾಗಿಲು ಎಳೆದುಕೊಂಡ. "ನಿಮ್ಮ ಮಗಳ ಥರಾನೇ ನೀವೂ. ಒಂದು ಕೆಲಸ ನೆಟ್ಟಗೆ ಬರಲ್ಲ," ಎಂದು ನಕ್ಕ. ಕೆಳಗೆ ಮೇಸ್ತ್ರಿ ಕಣ್ಣು ಮುಚ್ಚಿಕೊಂಡ. ಕಣ್ಣಂಚಿನಿಂದ ಇಳಿದದ್ದು ಬೆವರಲ್ಲ.

ಕೊನೆಗೂ ಟೈಲರ್ ವಾಪಸ್ ಬಂದು ಶಟರ್ ಎತ್ತಿದ.

"ತಲುಪಿಸಿದ್ಯೇನಪ್ಪಾ?" ಗಾಡಿಯಡಿಯಿಂದಲೇ ಕೇಳಿದ ಮೇಸ್ತ್ರಿ.

"ತಲುಪಿಸ್ದೆ ಮೇಸ್ತ್ರಿ. ಹೊತ್ತಿಗೆ ಸರಿಯಾಗಿ."

ಮೇಸ್ತ್ರಿ ಉಸಿರು ಬಿಟ್ಟ. "ಇಂಜಿನ್ ಆಫ್ ಮಾಡಿ ಅಳಿಯಂದ್ರೇ." ಸ್ಪ್ಯಾನರ್ ಚಕಚಕನೆ ತಿರುಗಿತು. ಏನೋ ಭಾರವಾದದ್ದು ನೆಲಕ್ಕೆ ತಾಗಿ ಠಣ್ಣೆಂದಿತು.

"ಏನದು?"

"ಸಿಕ್ತು. ಇನ್ನು ಸದ್ದು ಬರಲ್ಲ." ಮೇಸ್ತ್ರಿ ತೆವಳಿ ಹೊರಬಂದು, ಕೈ ಒರೆಸಿಕೊಳ್ಳುತ್ತ ಹೆಂಡತಿಯ ಪಕ್ಕ ನಿಂತ.

ಅಳಿಯ ಸ್ಟಾರ್ಟ್ ಮಾಡಿದ. ಒಂದನೇ ಗೇರು, ರಿವರ್ಸ್, ಮತ್ತೆ ಒಂದನೇ ಗೇರು. ಧಡಕ್ ಇಲ್ಲ. ಅವನ ಮುಖ ಅರಳಿತು. "ಅಂತೂ ಬಂತು ದಾರಿಗೆ. ಅತ್ತೆ, ಕಳಿಸಿ ಅವಳನ್ನ."

ಅತ್ತೆ ನಿಂತಲ್ಲಿಂದ ಕದಲಲಿಲ್ಲ.

ಅಳಿಯ ಗಾಡಿಯನ್ನು ಬಾಗಿಲ ಹತ್ತಿರ ತರಲೆಂದು ಬ್ರೇಕ್ ಬಿಟ್ಟ, ಕ್ಲಚ್ ಬಿಟ್ಟ. ಇಂಜಿನ್ ಕೂಗಿತು. ಗಾಡಿ ಒಂದಿಂಚೂ ಮುಂದೆ ಹೋಗಲಿಲ್ಲ.

ಬೆಳಗಿನ ಜಾವ ಮೇಸ್ತ್ರಿಯೇ ಸಡಿಲಿಸಿಟ್ಟಿದ್ದ ಶಾಫ್ಟು ಈಗ ಪೂರ್ತಿ ಕಳಚಿ ನೆಲದ ಮೇಲೆ ಬಿದ್ದಿತ್ತು. ಮಗಳು, ಅಳಿಯನೇ ಮುರಿದಿದ್ದ ಕೈಯನ್ನು ಎದೆಗೆ ಅವಚಿಕೊಂಡು, ಟೈಲರನ ಸ್ಕೂಟರಿಂದ ಇಳಿದು ಹತ್ತಿದ ಬಸ್ಸು ಆಗಲೇ ಊರು ದಾಟಿತ್ತು.