ಕುಕ್ಕರಿನಲ್ಲಿ ಬೆಂದ ಬಾಳೆಹಣ್ಣಿನ ಬ್ರೆಡ್ಡು

ಓವನ್ನಿನಲ್ಲಿ ಬಾಳೆಹಣ್ಣಿನ ಬ್ರೆಡ್ಡು ಸ್ವಲ್ಪ ಸೀದರೂ ನನಗೆ ಸವಣೂರಿನ ನಮ್ಮ ಅಡುಗೆಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅಜ್ಜಿ ಹಾಸಿಗೆ ಹಿಡಿದು ಎರಡು ತಿಂಗಳಾಗಿತ್ತು. ಆರೈಕೆ ಮಾಡುತ್ತಿದ್ದ ಅವ್ವನಿಗೆ ಸರಿಯಾಗಿ ನಿದ್ದೆಯೇ ಇರಲಿಲ್ಲ. ಅಂದು ರಟ್ಟೀಹಳ್ಳಿಯಿಂದ ಅತ್ತೆ ತನ್ನ ತಾಯಿಯನ್ನು ನೋಡಲು ಬರುವವಳಿದ್ದಳು. ಅವ್ವನ ಯಾವ ಕೆಲಸವೂ ಅತ್ತೆಗೆ ಸರಿಬರುತ್ತಿರಲಿಲ್ಲ.

ಕಪ್ಪಾಗಿದ್ದ ಬಾಳೆಹಣ್ಣುಗಳನ್ನು ಅವ್ವ ಗೋಧಿಹಿಟ್ಟು, ಬೆಲ್ಲ, ಶೇಂಗಾ ಹಾಕಿ ಕಲಸಿ, ಪಾತ್ರೆಗೆ ಸುರಿದು, ಕುಕ್ಕರಿನೊಳಗೆ ಬಿಸಿ ಮರಳಿನ ಮೇಲೆ ಬೇಯಲಿಟ್ಟಳು. "ಬೆಂದ ವಾಸನಿ ಬಂದ್ರ ಎಬ್ಬಸು" ಎಂದು ನನಗೆ ಹೇಳಿ ಗೋಡೆಗೊರಗಿದವಳು ಹಾಗೇ ನಿದ್ದೆಹೋದಳು.

ಮೊದಲು ಹಣ್ಣಿನ ಘಮ ಬಂತು, ಆಮೇಲೆ ಸುಟ್ಟ ಬೆಲ್ಲದ ವಾಸನೆ. ಗ್ಯಾಸ್ ಮುಟ್ಟಲು ನನ್ನನ್ನು ಬಿಡುತ್ತಿರಲಿಲ್ಲ. ಹಿಟ್ಟು ಮೆತ್ತಿದ್ದ ಅವ್ವನ ಕೈ ನೆಲದ ಮೇಲೆ ಸಡಿಲವಾಗಿ ಬಿದ್ದಿತ್ತು. ಎಬ್ಬಿಸಲು ಮನಸ್ಸಾಗಲಿಲ್ಲ.

ಅಷ್ಟರಲ್ಲಿ ಅತ್ತೆ ಬಂದು ಗ್ಯಾಸ್ ಆರಿಸಿದಳು.

"ನಾನ ಎಬ್ಬಸಲಿಲ್ಲ ಅತ್ತಿ. ಅವ್ವಗ ಬೈಬ್ಯಾಡ್ರಿ" ಎಂದೆ.

ಅತ್ತೆ ಅವ್ವನ ಮುಖವನ್ನು ಬಹಳ ಹೊತ್ತು ನೋಡಿದಳು. ತನ್ನ ಶಾಲು ಮಡಚಿ ಮೆಲ್ಲಗೆ ಅವಳ ತಲೆಗೂ ಗೋಡೆಗೂ ನಡುವೆ ಇಟ್ಟಳು. ಸೆರಗು ಸಿಕ್ಕಿಸಿ, ಅಜ್ಜಿಯ ಗಂಜಿಗೆ ನೀರಿಡುತ್ತ ಸಣ್ಣ ದನಿಯಲ್ಲಿ ಹೇಳಿದಳು:

"ನಿಮ್ಮಪ್ಪಗ ಹೇಳು, ನಾ ಇವತ್ತ ಊರಿಗೆ ಹೊಳ್ಳಿ ಹೋಗಂಗಿಲ್ಲ."